ಟಕಟಕವೋ, ಝರ್ರೋ?

ಆ ಸದ್ದು ಮೊದಲು ಕಿವಿಗೆ ಬಿದ್ದಿದ್ದು ಒಂದು ಸೋಮವಾರ ಬೆಳಿಗ್ಗೆ. ಎರಡನೇ ಗೇರಿನಲ್ಲಿ ನಿಧಾನಕ್ಕೆ ಒಂದು ತಿರುವು ದಾಟುತ್ತಿದ್ದೆ. ಬಾನೆಟ್ ಕೆಳಗೆ ಏನೋ ಸದ್ದಾಯಿತು. ಎರಡು ಸೆಕೆಂಡ್ ಇದ್ದಿರಬಹುದು. ಆಕ್ಸಿಲರೇಟರ್ ಇನ್ನೊಂಚೂರು ಒತ್ತಿದ್ದೇ ತಡ, ನಿಂತುಹೋಯಿತು. ರೇಡಿಯೋ ಆರಿಸಿದೆ, ಗಾಜು ಇಳಿಸಿದೆ, ಕಿವಿಗೊಟ್ಟು ಕೂತೆ. ಮನೆ ತಲುಪುವವರೆಗೂ ಮತ್ತೆ ಬರಲಿಲ್ಲ.

ಇಂಥ ಹೊತ್ತಿನಲ್ಲಿ ರೇಡಿಯೋ ಇನ್ನಷ್ಟು ಜೋರು ಮಾಡಿ ಮುಂದೆ ಹೋಗುವವರಿದ್ದಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಕೈಲಿ ಆಗಲ್ಲ. ಒಮ್ಮೆ ಸದ್ದು ಕೇಳಿದರೆ ಮುಗಿಯಿತು, ಆಮೇಲೆ ಗಾಡಿ ಓಡಿಸುವುದು ಕಾಲು, ಕೈ. ನಾನು ಬರೀ ಕಿವಿ.

ನನ್ನದು ಹನ್ನೊಂದು ವರ್ಷದ ಡೀಸೆಲ್ ಪಿಕಪ್. ನಾಲ್ಕು ಸಿಲಿಂಡರ್, 2.5 ಲೀಟರ್, ಟರ್ಬೊ ಇದೆ, ಐದು ಗೇರು. ಓಡಿರುವುದು 1,80,000 ಕಿಲೋಮೀಟರ್. ಹಿಂದಿನ ತೊಟ್ಟಿಯಲ್ಲಿ ಏನಾದರೊಂದು ಬಿದ್ದು ಉರುಳಾಡುತ್ತಲೇ ಇರುತ್ತದೆ. ಹಾಗಾಗಿ ಮೊದಲ ವಾರ ಅನುಮಾನಪಟ್ಟಿದ್ದು ಅದನ್ನೇ. ತೊಟ್ಟಿ ಖಾಲಿ ಮಾಡಿದೆ. ಜಾಕ್, ವೀಲ್ ಸ್ಪ್ಯಾನರ್ ಎತ್ತಿ ಕೆಳಗಿಟ್ಟೆ. ಸ್ಟೆಪ್ನಿ ಅಲುಗಾಡಿಸಿ ನೋಡಿದೆ. ಗ್ಲೋವ್ ಬಾಕ್ಸಿನಲ್ಲಿದ್ದ ಒಂದು ಹಳೆಯ ಟಾರ್ಚ್, ಮೂರು ಪೆನ್ನು, ಒಂದು ನಟ್ಟು ಸಿಕ್ಕವು. ನಟ್ಟು ಎಲ್ಲಿಯದೋ ಇವತ್ತಿಗೂ ಗೊತ್ತಿಲ್ಲ. ಆದರೆ ಬುಧವಾರ ಸದ್ದು ಮತ್ತೆ ಬಂತು. ಬಂದಿದ್ದು ಎಂಜಿನ್ ಕಡೆಯಿಂದಲೇ.

ಹೆಂಡತಿ ಕೇಳಿದಳು, "ಹೆಂಗೆ ಸದ್ದು?"

"ಟಕ ಟಕ ಟಕ ಅಂತ."

"ಎಂಜಿನ್ನೊಳಗಾ?"

"ಒಳಗೇ ಇರಬೇಕು."

ಈ ಮಾತುಕತೆಯಲ್ಲಿ ನನ್ನ ಎರಡೂ ಉತ್ತರ ತಪ್ಪು. ಅದು ತಿಳಿಯಲು ನನಗೆ ನಾಲ್ಕು ವಾರ ಬೇಕಾಯಿತು.

ಸದ್ದಿಗೆ ಕನ್ನಡದಲ್ಲಿ ಎಷ್ಟು ಪದ ಇವೆ ಅಂತ ಯೋಚಿಸಿದ್ದೀರಾ? ಟಿಕ್ ಟಿಕ್, ಟಕಟಕ, ಲೊಡಲೊಡ, ಗಡಗಡ, ಗಲಗಲ, ಝಣಝಣ, ಕಿರ್ರ್, ಚಿರ್ರ್, ಝರ್ರ್, ಧಡಧಡ. ಶಾಲೆಯಲ್ಲಿ ಇವನ್ನು ಅನುಕರಣಾವ್ಯಯ ಅಂತ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆವು. ಗಾಡಿಯ ವಿಷಯಕ್ಕೆ ಬಂದರೆ ಇವು ಒಂದೊಂದೂ ಒಂದೊಂದು ಭಾಗದ ಹೆಸರಿದ್ದ ಹಾಗೆ. ಟಿಕ್ ಟಿಕ್ ಅಂದರೆ ಚಿಕ್ಕದು, ಗಟ್ಟಿಯದು, ಎಂಜಿನ್ನಿನ ಮೇಲ್ಭಾಗದ್ದು. ವಾಲ್ವ್, ಅದನ್ನು ಒತ್ತುವ ಟ್ಯಾಪೆಟ್, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಇಂಥವು. ಧಡ್ ಧಡ್ ಅಂದರೆ ತೂಕದ್ದು, ಕೆಳಗಿನದು, ಪಿಸ್ಟನ್‌ಗಳು ತಿರುಗಿಸುವ ದಪ್ಪ ದಂಡ, ಅಂದರೆ ಕ್ರ್ಯಾಂಕಿನ ಬೇರಿಂಗ್ ಕಡೆಯದು. ಕಿರ್ರ್ ಅಂದರೆ ಬೆಲ್ಟು. ಗೊರಗೊರ ಅಂದರೆ ಯಾವುದೋ ಪುಲ್ಲಿಯ ಬೇರಿಂಗ್ ಒಣಗಿದೆ. ಗಲಗಲ ಅನ್ನುವ ಸದ್ದು ಸೈಲೆನ್ಸರ್ ಕಡೆಯಿಂದ ಬಂದರೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗಿನ ಪಿಂಗಾಣಿ ಜೇನುಗೂಡು ಒಡೆದಿರಬಹುದು. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗೆ ಚೂರುಗಳು ಆಡುವುದು ಕೇಳುತ್ತದೆ.

ಇದೆಲ್ಲ ಈಗ ಬರೆಯುತ್ತಿದ್ದೇನೆ. ಅವತ್ತು ನನಗೆ ಇದ್ದಿದ್ದು ಒಂದೇ ಪದ, ಟಕಟಕ. ಯಾಕೆ ಅದೇ ಪದ ಬಾಯಿಗೆ ಬಂತು ಅಂದರೆ, ನನಗೆ ಭಯವಿದ್ದದ್ದು ಅದಕ್ಕೇ. ಹಿಂದೊಮ್ಮೆ ಗೆಳೆಯನ ಗಾಡಿಯ ಬಿಗ್ ಎಂಡ್ ಬೇರಿಂಗ್ ಹೋಗಿ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಎಂಜಿನ್ ಬ್ಲಾಕನ್ನೇ ತೂತು ಮಾಡಿ ಹೊರಗೆ ಬಂದಿದ್ದನ್ನು ನೋಡಿದ್ದೆ. ಕೈ ಹಾಕುವಷ್ಟು ದೊಡ್ಡ ತೂತು. ಅದು ಹೋಗುವ ಮೊದಲು ಒಂದು ವಾರ ಟಕ ಟಕ ಅನ್ನುತ್ತಿತ್ತಂತೆ. ಅವತ್ತಿನಿಂದ ನನ್ನ ಕಿವಿಯಲ್ಲಿ ಆ ಪದ ಕೂತುಬಿಟ್ಟಿದೆ. ಎಂಜಿನ್ ಏನೇ ಅಂದರೂ ನನಗೆ ಕೇಳುವುದು ಟಕಟಕ.

ಎರಡನೇ ವಾರ ಬಾನೆಟ್ ಎತ್ತಿ ಆಯಿಲ್ ನೋಡಿದೆ. ಎಂಜಿನ್ ಸದ್ದು ಅಂದಕೂಡಲೇ ಮಾಡಬೇಕಾದ ಮೊದಲ ಕೆಲಸ ಅದೇ, ನಾನು ಎರಡನೇ ವಾರಕ್ಕೆ ಮಾಡಿದೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ಎಳೆದು, ಒರೆಸಿ, ಮತ್ತೆ ಹಾಕಿ ಎಳೆದೆ. ಕೆಳಗಿನ ಗುರುತಿಗಿಂತ ಕೂದಲೆಳೆಯಷ್ಟು ಮೇಲೆ. ಅರ್ಧ ಲೀಟರ್ ಹಾಕಿದೆ. ಸ್ವಲ್ಪ ಬಿಟ್ಟು ಮತ್ತೆ ನೋಡಿದೆ. ಸರಿಯಾಗಿದೆ. ಡಿಪ್‌ಸ್ಟಿಕ್ಕನ್ನು ಗಟ್ಟಿಯಾಗಿ ಒತ್ತಿ ಕೂರಿಸಿ ಬಾನೆಟ್ ಮುಚ್ಚಿದೆ.

ಸದ್ದು ಹೋಯಿತು!

ಎರಡು ದಿನ ಪೂರ್ತಿ ಇಲ್ಲ. ಅದೇ ತಿರುವು, ಅದೇ ಎರಡನೇ ಗೇರು, ಮೌನ. ಮೂರನೇ ದಿನ ಸಣ್ಣಗೆ ಶುರು. ಐದನೇ ದಿನಕ್ಕೆ ಮೊದಲಿನಂತೆಯೇ. ಮತ್ತೆ ಆಯಿಲ್ ನೋಡಿದೆ. ಮಟ್ಟ ಸರಿಯಾಗಿಯೇ ಇತ್ತು, ಆದರೂ ಮನಸ್ಸು ತಡೆಯದೆ ಒಂದು ಲೋಟದಷ್ಟು ಸುರಿದೆ. ಮತ್ತೆ ಎರಡು ದಿನ ಸದ್ದಿಲ್ಲ.

ಈಗ ನನ್ನ ಹತ್ತಿರ ಒಂದು ಸಿದ್ಧಾಂತ ತಯಾರಾಯಿತು. ಎಷ್ಟು ಅಚ್ಚುಕಟ್ಟಾದ ಸಿದ್ಧಾಂತ ಅಂದರೆ ಈಗಲೂ ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಕ್ರ್ಯಾಂಕಿನ ತಿರುಗಾಟವನ್ನು ವಾಲ್ವುಗಳ ಕಡೆಗೆ ಒಯ್ಯುವ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಕೆಲಸ ಮಾಡುವುದು ಎಂಜಿನ್ ಆಯಿಲ್ ಒತ್ತಡದಿಂದ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿಳಿದಿರುತ್ತದೆ. ಆಯಿಲ್ ಫಿಲ್ಟರಿನಲ್ಲಿ ಅದು ವಾಪಸ್ ಇಳಿಯದ ಹಾಗೆ ಒಂದು ಸಣ್ಣ ರಬ್ಬರ್ ವಾಲ್ವ್ ಇರುತ್ತದೆ. ಅದು ಗಟ್ಟಿಯಾಗಿಬಿಟ್ಟರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒತ್ತಡ ಏರುವವರೆಗೆ ಚೈನ್ ಸಡಿಲವಾಗಿದ್ದು ಗಡಗಡ ಅನ್ನುತ್ತದೆ. ಆಯಿಲ್ ಕಮ್ಮಿಯಾದರೆ ಒತ್ತಡ ಕಮ್ಮಿ, ಚೈನ್ ಸಡಿಲ, ಸದ್ದು. ಆಯಿಲ್ ಹಾಕಿದರೆ ಸದ್ದಿಲ್ಲ. ಎಲ್ಲ ಕೊಂಡಿಯೂ ಕೂಡಿತು ಅಲ್ವಾ?

ಕೂಡದೇ ಇದ್ದದ್ದನ್ನು ನಾನು ನೋಡಲಿಲ್ಲ. ಚೈನ್ ಸದ್ದು ಬರುವುದು ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡಿನಲ್ಲಿ. ನನ್ನ ಸದ್ದು ಬರುತ್ತಿದ್ದುದು ಎಂಜಿನ್ ಬಿಸಿಯಾದ ಮೇಲೂ. ಎರಡನೆಯದು, ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪಿನಲ್ಲಿ ಆಯಿಲ್ ಕೆಳಗಿನ ಗುರುತಿಗಿಂತ ಮೇಲಿದ್ದರೆ ಪಂಪಿಗೆ ಎಳೆಯಲು ಧಾರಾಳ ಸಿಗುತ್ತದೆ. ಅರ್ಧ ಲೀಟರ್ ಹೆಚ್ಚು ಹಾಕಿದ ಮಾತ್ರಕ್ಕೆ ಒತ್ತಡ ಏರುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಆದರೆ ಔಷಧಿ ಕೊಟ್ಟೆ, ರೋಗ ಹೋಯಿತು ಅನ್ನುವ ಖುಷಿಯಲ್ಲಿ ಗೊತ್ತಿರುವುದನ್ನೆಲ್ಲ ಮೂಲೆಗೆ ಸರಿಸಿಬಿಟ್ಟೆ.

ಮೊದಲು ಹೋದ ಗ್ಯಾರೇಜಿನಲ್ಲಿ ನಾನೇ ಹೋಗಿ ಈ ಸಿದ್ಧಾಂತ ಒಪ್ಪಿಸಿದೆ. ಬೆಳಿಗ್ಗೆ ಸದ್ದು, ಆಯಿಲ್ ಹಾಕಿದರೆ ಕಮ್ಮಿ, ಚೈನ್ ಇರಬೇಕು ಅಂತ. ಹುಡುಗ ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿ, "ಹೌದು ಸಾರ್, ಚೈನೇ. ಎಂಜಿನ್ ಇಳಿಸಬೇಕಾಗತ್ತೆ" ಅಂದ. ಆ ಹೊತ್ತಿಗೆ ಸದ್ದು ಬಂದೇ ಇರಲಿಲ್ಲ ಅನ್ನುವುದು ನೆನಪಿರಲಿ. ಮೆಕ್ಯಾನಿಕ್ ಮುಂದೆ ನಿಂತ ಗಾಡಿ ಡಾಕ್ಟರ್ ಮುಂದೆ ನಿಂತ ಮಗುವಿನ ಹಾಗೆ, ಕೆಮ್ಮುವುದೇ ಇಲ್ಲ. ಅವನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ರೋಗದ ಹೆಸರು ನಾನೇ ಹೇಳಿದೆ, ಅವನು ಹೌದು ಅಂದ. ನಾನು ಹೇಳಬೇಕಿದ್ದದ್ದು ಲಕ್ಷಣ.

ಎಂಜಿನ್ ಇಳಿಸುವ ಮಾತು ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ನಾನೇ ಕಿವಿಗೆ ಹಚ್ಚಿದೆ. ಹಳೇ ಉಪಾಯ ಇದು. ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿದರೆ ಒಳಗಿನ ಸದ್ದು ಸೀದಾ ತಲೆಗೇ ಬರುತ್ತದೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್ ರೋಗಿಯ ಎದೆಗೆ ನೇರ ಕಿವಿ ಇಡಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಆಲಿಸಿದ. ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ಸ್ಕ್ರೂಡ್ರೈವರ್ ಅದರ ಬಡ ನೆಂಟ. ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಓಡುವ ಎಂಜಿನ್ ಮೇಲೆ ಬಗ್ಗುವಾಗ ಫ್ಯಾನು, ಬೆಲ್ಟಿನ ಹತ್ತಿರ ಸಡಿಲ ಬಟ್ಟೆ, ಉದ್ದ ಕೂದಲು ಬೇಡವೇ ಬೇಡ. ಡೀಸೆಲ್ ಪೈಪುಗಳಲ್ಲಿ ಎಲ್ಲಿ ಸೋರುತ್ತಿದೆ ಅಂತ ಬೆರಳಿಟ್ಟು ಹುಡುಕುವುದಂತೂ ಕೂಡದು. ಕಾಮನ್ ರೈಲ್ ಅನ್ನುವ ಈಗಿನ ಡೀಸೆಲ್ ಎಂಜಿನ್ನಿನಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಆ ಧಾರೆ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ.

ಸ್ಕ್ರೂಡ್ರೈವರಿನಲ್ಲಿ ನನಗೆ ಏನು ಕೇಳಿತು? ಎಲ್ಲವೂ ಕೇಳಿತು. ತೊಂದರೆ ಆಗಿದ್ದೇ ಅದರಿಂದ. ವಾಲ್ವ್ ಕವರ್ ಮೇಲಿಟ್ಟರೆ ಟಿಕ್ ಟಿಕ್. ಇಂಜೆಕ್ಟರ್ ಹತ್ತಿರ ಇಟ್ಟರೆ ಚಟ್ ಚಟ್. ಆಲ್ಟರ್ನೇಟರ್ ಮೇಲೆ ಜುಂಯ್. ಬ್ಲಾಕ್ ಮೇಲೆ ಗುಡುಗು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಓಡುತ್ತದೆ. ಒಂದು ಮೂಲೆಯಲ್ಲಿ ತಟ್ಟಿದ್ದು ಇಡೀ ಎಂಜಿನ್ನಿಗೆ ಕೇಳಿಸುತ್ತದೆ. ಕೆಳಗಿನ ಆಯಿಲ್ ಸಂಪ್ ತೆಳು ತಗಡಿನದು, ಎಲ್ಲಿಯದೋ ಸದ್ದನ್ನು ತಮಟೆಯ ಹಾಗೆ ಎತ್ತಿ ಬಾರಿಸುತ್ತದೆ. ನಾನು ಬಗ್ಗಿ ಕೇಳಿದ ಒಂದೊಂದು ಸದ್ದೂ ನನಗೆ ಹೊಸ ರೋಗವಾಗಿ ಕಂಡಿತು. ಯಾಕೆಂದರೆ ಈ ಎಂಜಿನ್ ಆರೋಗ್ಯವಾಗಿದ್ದಾಗ ನಾನು ಒಂದು ದಿನವೂ ಇದನ್ನು ಹೀಗೆ ಆಲಿಸಿರಲಿಲ್ಲ. ಹನ್ನೊಂದು ವರ್ಷ ಜತೆಗಿದ್ದೇನೆ. ಅದರ ಮಾಮೂಲಿ ದನಿ ಹೇಗಿರುತ್ತದೆ ಅಂತ ಗೊತ್ತಿಲ್ಲ!

ಅದರಲ್ಲೂ ಡೀಸೆಲ್ ಎಂಜಿನ್ ಹುಟ್ಟು ಗಲಾಟೆಯದು. ಅದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಗೆ ಡೀಸೆಲ್ ಚಿಮ್ಮಿಸುತ್ತಾರೆ. ಚಿಮ್ಮಿದ ಕೂಡಲೇ ಅದು ಹೊತ್ತಿಕೊಳ್ಳುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಮ್ಮಿ, ಆದರೂ ಒಂದು ತಡ ಇದೆ. ಆ ತಡದಲ್ಲಿ ಸೇರಿಕೊಂಡ ಡೀಸೆಲ್ ಎಲ್ಲ ಒಟ್ಟಿಗೆ ಹೊತ್ತಿ ಢಬ್ ಅನ್ನುತ್ತದೆ. ಎಂಜಿನ್ ತಣ್ಣಗಿದ್ದಷ್ಟೂ ತಡ ಜಾಸ್ತಿ, ಢಬ್ ಜಾಸ್ತಿ. ಬೆಳಿಗ್ಗೆ ಡೀಸೆಲ್ ಗಾಡಿ ಒರಟಾಗಿ ಕೆಮ್ಮಿ, ಆಮೇಲೆ ಮೆತ್ತಗಾಗುವುದು ಇದಕ್ಕೇ. ಈಗಿನ ಎಂಜಿನ್ನುಗಳು ಮೊದಲು ಒಂದು ಹನಿ ಚಿಮ್ಮಿಸಿ ಬೆಂಕಿ ಎಬ್ಬಿಸಿಕೊಂಡು, ಆಮೇಲೆ ಉಳಿದದ್ದನ್ನು ಬಿಡುತ್ತವೆ. ಹಾಗಾಗಿ ಅವು ಹಳೆಯವಕ್ಕಿಂತ ಎಷ್ಟೋ ಮೆತ್ತಗೆ ಮಾತಾಡುತ್ತವೆ.

ನಾಲ್ಕನೇ ವಾರದ ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು. ಒಬ್ಬರೇ ಕೆಲಸ ಮಾಡುತ್ತಾರೆ. ಒಂದು ಕಿವಿ ಮಂದ. ಸದ್ದು ಹುಡುಕಿಕೊಡಿ ಅಂತ ಕಿವಿ ಮಂದ ಇರುವವರ ಹತ್ತಿರ ಹೋಗಿದ್ದಕ್ಕೆ ಮನೆಯಲ್ಲಿ ನಗೆಯೋ ನಗೆ.

ನಾನು ಚೈನ್ ಅಂತ ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ಅದೆಲ್ಲ ಆಮೇಲೆ. ಸದ್ದು ಹೆಂಗೆ ಬರುತ್ತೆ, ಬಾಯಲ್ಲಿ ಮಾಡಿ ತೋರಿಸಿ ಸಾರ್."

"ಟಕ ಟಕ ಟಕ."

"ಹಿಂಗೆ ಬಿಡಿಬಿಡಿಯಾಗಾ?"

ಆಗ ಮೊದಲ ಸಲ ನಾನು ನಿಜವಾಗಿ ನೆನಪಿಸಿಕೊಂಡೆ. ಕಣ್ಣು ಮುಚ್ಚಿ ಆ ತಿರುವು, ಆ ಎರಡನೇ ಗೇರು. ಬಿಡಿಬಿಡಿಯಾಗಿ ಅಲ್ಲ. ಎಣಿಸಲು ಆಗುತ್ತಿರಲಿಲ್ಲ.

"ಇಲ್ಲ ಅಣ್ಣಾ. ಝರ್ರ್ ಅಂತ."

"ಹಂಗೆ ಹೇಳಿ ಮತ್ತೆ," ಅಂದರು. ನಾನು ಏನೋ ಸುಳ್ಳು ಹೇಳಿ ಸಿಕ್ಕಿಬಿದ್ದವನ ಹಾಗೆ ನಿಂತೆ.

ಟಕಟಕಕ್ಕೂ ಝರ್ರ್‌ಗೂ ಇರುವ ವ್ಯತ್ಯಾಸ ಬರೀ ಕಿವಿಯದಲ್ಲ, ಲೆಕ್ಕದ್ದು. ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಅನ್ನಿ. ಕ್ರ್ಯಾಂಕ್ ಸೆಕೆಂಡಿಗೆ 13 ಸುತ್ತು ಚಿಲ್ಲರೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್ ತಿರುಗುವುದು ಅದರ ಅರ್ಧ, ಅಂದರೆ ಆರೇಳು ಸುತ್ತು. ಒಂದು ಟ್ಯಾಪೆಟ್ ಸಡಿಲವಾಗಿದ್ದರೆ ಸೆಕೆಂಡಿಗೆ ಆರೇಳು ಸಲ ಟಿಕ್ ಅನ್ನುತ್ತದೆ. ಅದು ಕಿವಿಗೆ ಬಿಡಿಬಿಡಿಯಾಗಿಯೇ ಕೇಳುತ್ತದೆ. ಸೆಕೆಂಡಿಗೆ ಇಪ್ಪತ್ತು ಏಟು ದಾಟಿತು ಅಂದರೆ ನಮ್ಮ ಕಿವಿಗೆ ಏಟುಗಳು ಬೇರೆ ಬೇರೆ ಕೇಳುವುದಿಲ್ಲ, ಒಂದೇ ದನಿಯಾಗಿ ಕಲೆತುಹೋಗುತ್ತವೆ. ನಾಲ್ಕು ಸಿಲಿಂಡರ್ ಎಂಜಿನ್ನು ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 1,500 ಸುತ್ತಿನಲ್ಲಿ ಅದು ಸೆಕೆಂಡಿಗೆ 50 ಸಲ ಅದುರಿದಂತೆ. ಆ ಅದುರಿಗೆ ಯಾವುದೋ ತಗಡು, ಪೈಪು ಕುಣಿದರೆ ಕೇಳುವುದು ಝರ್ರ್.

ಅವರು ಎರಡನೇ ಪ್ರಶ್ನೆ ಕೇಳಿದರು. "ಇನ್ನೂ ಜೋರಾಗಿ ಒತ್ತಿದರೆ ಸದ್ದು ಜಾಸ್ತಿ ಆಗುತ್ತೋ, ಹೋಗುತ್ತೋ?"

"ಹೋಗುತ್ತೆ."

"ಲೋಡ್ ಹಾಕಿಕೊಂಡು ಏರು ಹತ್ತುವಾಗ?"

ಯೋಚಿಸಿದೆ. ಏರಿನಲ್ಲಿ ಒಮ್ಮೆಯೂ ಕೇಳಿದ ನೆನಪಿಲ್ಲ.

ಅವರು ತಲೆಯಾಡಿಸಿದರು, ಅಷ್ಟೇ. ಏನು ಅಂದುಕೊಂಡರು ಅಂತ ಹೇಳಲಿಲ್ಲ. ಆಮೇಲೆ ನಾನೇ ಕೂಡಿಸಿ ನೋಡಿಕೊಂಡೆ. ಬೇರಿಂಗ್ ಸವೆದ ಏಟು ಲೋಡ್ ಬಿದ್ದಷ್ಟೂ ಜೋರಾಗುತ್ತದೆ. ಎಂಜಿನ್ ಬಿಸಿಯಾಗಿ ಆಯಿಲ್ ತೆಳುವಾದ ಮೇಲಂತೂ ಇನ್ನೂ ಜಾಸ್ತಿ. ಪಿಸ್ಟನ್ ಸಿಲಿಂಡರಿನ ಗೋಡೆಗೆ ಬಡಿಯುವ ಸದ್ದು ಇದಕ್ಕೆ ತದ್ವಿರುದ್ಧ, ತಣ್ಣಗಿದ್ದಾಗ ಬಂದು, ಅಲ್ಯೂಮಿನಿಯಂ ಪಿಸ್ಟನ್ ಕಾದು ಹಿಗ್ಗಿದ ಮೇಲೆ ಹೋಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟು ಮುರಿದು ಹೊಗೆ ಸೋರುತ್ತಿದ್ದರೂ ಹಾಗೆಯೇ. ಬೆಳಿಗ್ಗೆ ಥೇಟ್ ಟ್ಯಾಪೆಟ್ ಹಾಗೆ ಟಿಕ್ ಟಿಕ್ ಅಂದು, ಕಬ್ಬಿಣ ಕಾದು ಬಿಗಿಯಾದ ಮೇಲೆ ಸುಮ್ಮನಾಗುತ್ತದೆ. ಆದರೆ ಬಿಸಿ, ತಣ್ಣನೆ ಯಾವುದನ್ನೂ ಲೆಕ್ಕಿಸದೆ, ವೇಗದ ಒಂದು ಸಣ್ಣ ಕಿಂಡಿಯಲ್ಲಿ ಮಾತ್ರ ಬಂದು ಹೋಗುವ ಸದ್ದು ಸಾಮಾನ್ಯವಾಗಿ ಎಂಜಿನ್ನಿನ ಒಳಗಿನದಲ್ಲ. ಹೊರಗೆ ನೇತಾಡುವ ಯಾವುದರದ್ದೋ. ಅದರ ಸಹಜ ಅದುರಿಗೂ ಎಂಜಿನ್ನಿನ ಅದುರಿಗೂ ಆ ವೇಗದಲ್ಲಿ ತಾಳ ಕೂಡುತ್ತದೆ. ಅತ್ತಿತ್ತ ಹೋದರೆ ತಾಳ ತಪ್ಪುತ್ತದೆ.

ಅವರಿಗೆ ಇದು ಮೊದಲ ಐದು ನಿಮಿಷದಲ್ಲೇ ಅಂದಾಜಾಗಿತ್ತು ಅಂತ ನನ್ನ ಗುಮಾನಿ. ಆದರೂ ಅವರು ಒಂದನ್ನೂ ಬಿಡಲಿಲ್ಲ. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿಸಿದರು, ಬಿಡಿಸಿದರು. ಬದಲಾಗಲಿಲ್ಲ. ಕ್ಲಚ್ ಒತ್ತಿದಾಗ ಸದ್ದು ಬದಲಾದರೆ ಗೇರ್ ಬಾಕ್ಸ್, ಫ್ಲೈವೀಲ್ ಕಡೆ ನೋಡಬೇಕು. ಆಮೇಲೆ ಫ್ಯಾನ್ ಬೆಲ್ಟ್ ಕಳಚಿ, ಕೆಲವೇ ಸೆಕೆಂಡ್ ಎಂಜಿನ್ ಓಡಿಸಿದರು. ಬೆಲ್ಟಿಲ್ಲದೆ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಪುಲ್ಲಿಗಳು ಯಾವುವೂ ತಿರುಗುವುದಿಲ್ಲ. ಸದ್ದು ಹಾಗೇ ಇತ್ತು, ಅಂದರೆ ಅವೆಲ್ಲ ಪಾರು. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ಹೀಗೆ ಹೆಚ್ಚು ಹೊತ್ತು ಓಡಿಸುವ ಹಾಗಿಲ್ಲ. ಸ್ಕ್ಯಾನರ್ ಹಾಕಿ ಒಂದೊಂದೇ ಸಿಲಿಂಡರಿನ ಇಂಜೆಕ್ಟರ್ ಬಂದ್ ಮಾಡಿ ನೋಡಿದರು. ಒಂದು ಸಿಲಿಂಡರಿನ ಬೇರಿಂಗೋ ಇಂಜೆಕ್ಟರೋ ಬಡಿಯುತ್ತಿದ್ದರೆ, ಅದರ ಉರಿ ನಿಂತಾಗ ಏಟು ಸಣ್ಣದಾಗಬೇಕು. ನಾಲ್ಕರಲ್ಲಿ ಯಾವುದನ್ನು ನಿಲ್ಲಿಸಿದರೂ ಎಂಜಿನ್ ಕುಂಟಿತೇ ಹೊರತು ಝರ್ರ್ ಕದಲಲಿಲ್ಲ.

ಇಷ್ಟಾದರೂ ನನ್ನ ಮುಖದಲ್ಲಿ ಚೈನ್, ಬೇರಿಂಗ್ ಹೋಗಿರಲಿಲ್ಲ ಅಂತ ಕಾಣುತ್ತದೆ. ಹೇಗೂ ಆಯಿಲ್ ಬದಲಿಸುವ ಹೊತ್ತು ಬಂದಿತ್ತು. ಅವರು ಆಯಿಲ್ ಇಳಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಬಿಡಿಸಿದರು. ನಾವಿಬ್ಬರೂ ಬಗ್ಗಿ ನೋಡಿದೆವು. ಬೇರಿಂಗ್ ಸವೆಯುತ್ತಿದ್ದರೆ ಆ ಮಡಿಕೆಗಳಲ್ಲಿ ಮಿನುಗು ಕಾಣುತ್ತದೆ. ಬೆಳ್ಳಿ ಬಣ್ಣದ ಪುಡಿ ಮೊದಲು, ಒಳಪದರ ಬಂದ ಮೇಲೆ ತಾಮ್ರದ ಬಣ್ಣ. ನಮ್ಮ ಫಿಲ್ಟರಿನಲ್ಲಿ ಕಪ್ಪು ಮಸಿ ಬಿಟ್ಟರೆ ಏನಿಲ್ಲ. ಅಯಸ್ಕಾಂತ ಆಡಿಸಿದರು, ಏನೂ ಅಂಟಲಿಲ್ಲ. ಒತ್ತಡ ಅಳೆಯುವ ಮೀಟರ್ ಸಿಕ್ಕಿಸಿ ಅದನ್ನೂ ತೋರಿಸಿದರು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನಂಬಿ ಕೂರಬಾರದು. ಅದು ಹೊತ್ತುವುದು ಒತ್ತಡ ಪೂರ್ತಿ ಕುಸಿದ ಮೇಲೆ. ನಮ್ಮ ಮೀಟರಿನ ಮುಳ್ಳು ಎಲ್ಲಿರಬೇಕೋ ಅಲ್ಲೇ ಇತ್ತು.

"ಎಂಜಿನ್ ಗಟ್ಟಿ ಇದೆ ಸಾರ್. ಇದನ್ನ ಇಳಿಸಿ ಏನು ಮಾಡ್ತೀರಾ?"

ಎಷ್ಟೋ ದಿನದ ಮೇಲೆ ಅವತ್ತು ನಾನು ಸರಿಯಾಗಿ ಉಸಿರಾಡಿದೆ.

ಆಮೇಲೆ ಅವರು ಮಾಡಿದ ಕೆಲಸಕ್ಕೆ ಯಾವ ಉಪಕರಣವೂ ಬೇಕಾಗಲಿಲ್ಲ. ಒಂದು ಮುರಿದ ಗುದ್ದಲಿಯ ಕಾವು ತಂದರು. ನನ್ನನ್ನು ಒಳಗೆ ಕೂರಿಸಿ, "ಸದ್ದು ಬರೋ ಜಾಗಕ್ಕೆ ತಂದು ಹಿಡ್ಕೊಳ್ಳಿ, ಕಾಲು ಅಲ್ಲಾಡಿಸಬೇಡಿ" ಅಂದರು. ಮುಳ್ಳನ್ನು 1,500ರ ಹತ್ತಿರ ಮೆಲ್ಲಗೆ ಏರಿಸಿದೆ. 1,450 ದಾಟುತ್ತಿದ್ದ ಹಾಗೆ ಝರ್ರ್ ಶುರುವಾಯಿತು. ಹಿಡಿದುಕೊಂಡೆ. ನಾಲ್ಕು ವಾರ ತಪ್ಪಿಸಿಕೊಂಡು ಓಡಾಡಿದ ಸದ್ದು ಈಗ ಕಟ್ಟಿಹಾಕಿದ ಹಾಗೆ ನಿಂತುಕೊಂಡಿತ್ತು. ಅದಕ್ಕೆ ಬೇಕಿದ್ದದ್ದು ನಿಂತ ಗಾಡಿ, ಒಬ್ಬ ಸಹಾಯಕ, ಅಲುಗದ ಒಂದು ಕಾಲು. ಇದನ್ನು ನಾನು, ನನ್ನ ಹೆಂಡತಿ ಮೊದಲ ದಿನವೇ ಮನೆಯ ಮುಂದೆ ಮಾಡಬಹುದಿತ್ತು.

ಬಾನೆಟ್ ಸಂದಿಯಿಂದ ನನಗೆ ಅವರ ಮೊಣಕೈ ಮಾತ್ರ ಕಾಣುತ್ತಿತ್ತು. ಅವರು ಆಲಿಸುತ್ತಿರಲಿಲ್ಲ, ಒತ್ತುತ್ತಿದ್ದರು. ಕಾವಿನ ತುದಿಯಿಂದ ಒಂದೊಂದನ್ನೇ ಒತ್ತಿ ಹಿಡಿಯುವುದು, ಬಿಡುವುದು. ಎಕ್ಸಾಸ್ಟ್ ಮೇಲಿನ ಬಿಸಿ ತಡೆಯುವ ತಗಡು, ಹೀಟ್ ಶೀಲ್ಡ್, ಒತ್ತಿದರು. ಇಂಥ ಸದ್ದಿಗೆ ಹತ್ತರಲ್ಲಿ ಏಳು ಸಲ ಅದೇ ಕಾರಣ ಅಂತ ಅವರು ಮೊದಲೇ ಹೇಳಿದ್ದರು. ಝರ್ರ್ ನಿಲ್ಲಲಿಲ್ಲ. ಟರ್ಬೊದ ಗಾಳಿ ಪೈಪ್. ನಿಲ್ಲಲಿಲ್ಲ. ವೈರಿಂಗ್ ಹಿಡಿದ ಕ್ಲಾಂಪ್. ಬ್ಯಾಟರಿ ತಟ್ಟೆ. ಇಂಟೇಕ್ ಪೈಪ್. ಆಮೇಲೆ ಒಮ್ಮೆಗೇ ಸದ್ದು ಕತ್ತರಿಸಿದ ಹಾಗೆ ನಿಂತಿತು.

ನಾನು ಕಾಲು ತೆಗೆದುಬಿಟ್ಟೆ ಅಂದುಕೊಂಡೆ. ಮುಳ್ಳು ನೋಡಿದರೆ 1,500ರಲ್ಲೇ ಇದೆ. ಝರ್ರ್ ಮತ್ತೆ ಬಂತು. ಮತ್ತೆ ನಿಂತಿತು. ಬಂತು. ನಿಂತಿತು. ಅವರು ಸುಮ್ನೆ ಆಟ ಆಡುತ್ತಿದ್ದರು.

"ಬನ್ನಿ ಇಲ್ಲಿ."

ಇಳಿದು ಹೋದೆ. ಕಾವಿನ ತುದಿ ಇದ್ದದ್ದು ಡಿಪ್‌ಸ್ಟಿಕ್ ಪೈಪಿನ ಮೇಲೆ.

ಡಿಪ್‌ಸ್ಟಿಕ್ ಇಳಿಯುವ ಆ ಸಣ್ಣ ಉಕ್ಕಿನ ಪೈಪು ಎಂಜಿನ್ ಬ್ಲಾಕಿನಿಂದ ಮೇಲೆ ಬರುತ್ತದೆ. ಅರ್ಧ ದಾರಿಯಲ್ಲಿ ಒಂದು ಪುಟ್ಟ ತಗಡಿನ ಪಟ್ಟಿ ಅದನ್ನು ಎಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿಗೆ ಹಿಡಿದಿರುತ್ತದೆ. ಒಂದೇ ಬೋಲ್ಟು. ಬೋಲ್ಟು ಬಿಗಿಯಾಗಿಯೇ ಇತ್ತು, ಅದಕ್ಕೇ ನನ್ನ ಕಣ್ಣಿಗೆ ಏನೂ ಕಂಡಿರಲಿಲ್ಲ. ಪಟ್ಟಿಯನ್ನು ಪೈಪಿಗೆ ಅಂಟಿಸಿದ್ದ ವೆಲ್ಡಿಂಗ್ ಚುಕ್ಕೆ ಒಡೆದಿತ್ತು. ಹೊರಗಿನಿಂದ ನೋಡಿದರೆ ಎಲ್ಲ ಇದ್ದ ಹಾಗೇ ಇದೆ. ಬೆರಳಲ್ಲಿ ಅಲುಗಿಸಿದರೆ ಪೈಪು ಪಟ್ಟಿಯೊಳಗೆ ಒಂದು ಕೂದಲಿನಷ್ಟು ಆಡುತ್ತದೆ. ಆ ಕೂದಲಿನಷ್ಟು ಜಾಗದಲ್ಲಿ ಸೆಕೆಂಡಿಗೆ 50 ಸಲ ಅದು ತಗಡಿಗೆ ಬಡಿಯುತ್ತಿತ್ತು. ಮ್ಯಾನಿಫೋಲ್ಡು ಅದನ್ನು ಎಂಜಿನ್ನಿಗೆಲ್ಲ ಹಂಚುತ್ತಿತ್ತು. ಎಂಜಿನ್ ಅದನ್ನು ನನ್ನ ತಲೆಗೆ.

ಅವರು ನನ್ನ ಕಡೆ ತಿರುಗಿ ಕೇಳಿದರು, "ಆಯಿಲ್ ಹಾಕಿದರೆ ಎರಡು ದಿನ ಸದ್ದು ಹೋಗುತ್ತೆ ಅಂದ್ರಲ್ಲ. ಹಾಕಿದ ಮೇಲೆ ಕೊನೆಗೆ ಏನು ಮಾಡ್ತಿದ್ರಿ?"

ಏನು ಮಾಡುತ್ತಿದ್ದೆ? ಡಿಪ್‌ಸ್ಟಿಕ್ಕನ್ನು ಗಟ್ಟಿಯಾಗಿ ಒತ್ತಿ ಕೂರಿಸುತ್ತಿದ್ದೆ.

ಒತ್ತಿದಾಗ ಪೈಪು ಸ್ವಲ್ಪ ತಿರುಚಿ ಪಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಎರಡು ದಿನದ ಅದುರಿಗೆ ಮತ್ತೆ ಬಿಡಿಸಿಕೊಳ್ಳುತ್ತಿತ್ತು. ಮದ್ದು ನಿಜವಾಗಿಯೂ ನನ್ನ ಕೈಯಲ್ಲೇ ಇತ್ತು. ನಾನು ಅದರ ಯಶಸ್ಸನ್ನು ಆಯಿಲ್ ಡಬ್ಬಿಗೆ ಕೊಟ್ಟಿದ್ದೆ. ಒಂದು ದಿನ ಆಯಿಲ್ ಹಾಕದೆ ಬರೀ ಡಿಪ್‌ಸ್ಟಿಕ್ ಎಳೆದು ಒತ್ತಿದ್ದರೆ ಸಾಕಿತ್ತು. ಎರಡು ಕೆಲಸ ಒಟ್ಟಿಗೆ ಮಾಡಿ, ಅದರಲ್ಲಿ ನನಗೆ ಇಷ್ಟವಾದದ್ದನ್ನು ಕಾರಣ ಅಂದುಕೊಂಡಿದ್ದೆ. ನಗು ಬರಲಿಲ್ಲ ಅಂತಲ್ಲ. ಆದರೆ ನಗುವ ಮೊದಲು ಒಂದಷ್ಟು ಹೊತ್ತು ಕಿವಿ ಬಿಸಿಯಾಗಿತ್ತು.

ಹಾಗಂತ ಎಲ್ಲ ಸದ್ದೂ ಹೀಗೆ ಪುಕ್ಕಟೆ ಮುಗಿಯುತ್ತದೆ ಅಂತ ಯಾರೂ ಧೈರ್ಯ ಮಾಡಬೇಡಿ. ಕೆಂಪು ಆಯಿಲ್ ದೀಪ ಹೊತ್ತಿದರೆ, ಅಥವಾ ಲೋಡ್ ಬಿದ್ದಾಗ ಧಡ್ ಧಡ್ ಅಂತ ತೂಕದ ಏಟು ಕೇಳಿದರೆ, ಗಾಡಿಯನ್ನು ಅಲ್ಲೇ ನಿಲ್ಲಿಸಿ ಎಂಜಿನ್ ಆರಿಸಬೇಕು. ಮನೆಯವರೆಗೆ ಹೋಗಿ ನೋಡೋಣ ಅನ್ನುವುದು ಬೇಡ. ನನ್ನ ಗೆಳೆಯ ಮನೆಯವರೆಗೆ ಹೋಗಿ ನೋಡೋಣ ಅಂದವನೇ.

ವೆಲ್ಡಿಂಗ್ ಹಾಕಲು ಒಂದೂವರೆ ವಾರ ತಡವಾಯಿತು. ಅಲ್ಲಿಯವರೆಗೆ ಅವರು ಪೈಪಿಗೂ ಪಟ್ಟಿಗೂ ನಡುವೆ ಹಳೇ ರಬ್ಬರ್ ಹೋಸಿನ ಒಂದು ಚೂರು ಸಿಕ್ಕಿಸಿ, ತಂತಿ ಬಿಗಿದು ಕಳಿಸಿದರು. ಆ ದಿನಗಳಲ್ಲಿ ನಾನು ಬೇಕೆಂದೇ ಎರಡನೇ ಗೇರಿನಲ್ಲಿ 1,500 ಹಿಡಿದು ಆ ತಿರುವು ದಾಟುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ನನಗೆ ಕೇಳಿದ ಸದ್ದು ಅದೊಂದೇ.

ವೆಲ್ಡಿಂಗ್ ಆದ ಮರುದಿನ ಬೆಳಿಗ್ಗೆ ಫೋನನ್ನು ಬಾನೆಟ್ ಕೆಳಗಿಟ್ಟು ಎಂಜಿನ್ ದನಿ ರೆಕಾರ್ಡ್ ಮಾಡಿದೆ. ತಣ್ಣಗಿದ್ದಾಗ ಐಡಲ್, ಬಿಸಿಯಾದ ಮೇಲೆ ಐಡಲ್, ಆಮೇಲೆ 1,500, ಆಮೇಲೆ 2,500. ಫೋನ್ ಇಡುವ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿದ್ದೇನೆ, ಮುಂದಿನ ವರ್ಷವೂ ಅಲ್ಲೇ ಇಡಬೇಕಲ್ಲ. ಒಟ್ಟು ನಾಲ್ಕು ತುಣುಕು. ಮೂರರಲ್ಲಿ ಬರೀ ಎಂಜಿನ್ ಇದೆ. ನಾಲ್ಕನೆಯದರ ಕೊನೆಗೆ ಬಾಗಿಲ ಹತ್ತಿರದಿಂದ ಹೆಂಡತಿಯ ದನಿ ಕೇಳುತ್ತದೆ, "ಇನ್ನೂ ಆಗಿಲ್ವಾ?"